ಕೋಟೆಯೂರಿನ ಓಟ

ಸ್ಪೇನಿನವರು ಸುಣ್ಣಕಲ್ಲಿನ ಗುಡ್ಡಗಳಲ್ಲಿ ಓಡುತ್ತಾರಂತೆ. ಓಡಲಿ ಪಾಪ! ನಮ್ಮ ಚಿತ್ರದುರ್ಗದ್ದು ಗಟ್ಟಿ ಗ್ರಾನೈಟು. ಬಿದ್ದರೆ ಮೊಣಕಾಲು ಒಡೆದೀತೇ ಹೊರತು ಕಲ್ಲಲ್ಲ. ಈ ಏಳುಸುತ್ತಿನ ಕೋಟೆಯನ್ನು 1779ರಲ್ಲಿ ಹಿಡಿಯುವಷ್ಟರಲ್ಲಿ ಹೈದರಾಲಿಗೇ ಏದುಸಿರು ಬಂದಿತ್ತು. ಸಾಹಸಿ ಜ್ಯೋತಿರಾಜ್ ಹಗ್ಗವಿಲ್ಲದೆ ಅದರ ಗೋಡೆ ಹತ್ತಿ ‘ಕೋತಿರಾಜ’ ಎನಿಸಿಕೊಂಡರು. ಉಳಿದ ನಾವು ದುಬಾರಿ ಶೂ ತೊಟ್ಟು ಜೋಗಿಮಟ್ಟಿ ಗುಡ್ಡದ ಕಡೆ ಏದುಸಿರಲ್ಲೇ ಓಡುತ್ತೇವೆ.

ಸವೆದ ಹವಾಯಿ ಚಪ್ಪಲಿಯಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಅಜ್ಜ ಕೇಳಿದ: “ಯಾಕಪ್ಪಾ, ಕರಡಿ ಏನಾರ ಅಟ್ಟಿಸ್ಕೆಂಡು ಬಂತಾ?”

“ಇಲ್ಲಜ್ಜ, ಹೊಟ್ಟೆ ಕರಗಿಸಾಕೆ.”

“ಅದಕ್ಯಾಕೆ ಓಡ್ತೀಯ? ನಾಕು ದಿನ ಈ ಕುರಿ ಕಾಯಿ ಬಾ!”

ಅಜ್ಜ ಹೇಳಿದ್ದು ಸರಿಯೇ. ಆದರೆ ಕುರಿ ಕಾಯುವವನಿಗೆ ಭಾನುವಾರದ ರಜೆಯಿಲ್ಲ. ಹಾಗಾದರೆ ಗುಡ್ಡದಲ್ಲಿ ಕರಗಿಸಿದ್ದನ್ನೆಲ್ಲ ಬಡ್ಡಿ ಸಮೇತ ವಾಪಸ್ ಕೊಡುವ ಪೇಟೆಯ ಮಂಡಕ್ಕಿ-ಮಿರ್ಚಿಗೆ ಪುರುಸೊತ್ತೆಲ್ಲಿ?