ಹತ್ತು ಪರ್ಸೆಂಟ್ ಕಡಿಮೆ ಬಿದ್ದಿದೆ, ಸ್ವಾಮಿ

ರೋಗಿಗಳಿಗೆ ಶೇಕಡಾವಾರು ನಿಗದಿ ಮಾಡುವ ಸಮಸ್ತ ಮಹನೀಯರಿಗೆ,

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನ ಸಾಷ್ಟಾಂಗ ನಮಸ್ಕಾರಗಳು.

ನನ್ನ ಬಲಗಣ್ಣನ್ನು ಡಾಕ್ಟರು ಪೂರ್ತಿ ತೆಗೆದುಹಾಕಿದ್ದಾರೆ. ನಿಮ್ಮ ಕೋಷ್ಟಕದ ಪ್ರಕಾರ ಅದು ಶೇ. 30 ಅಂಗವೈಕಲ್ಯ. ಮೀಸಲಾತಿಯಂಥ ಸವಲತ್ತು ಬೇಕಾದರೆ ಶೇ. 40 ಇರಬೇಕು ಅನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಲೆಕ್ಕದವನ ಚಪಲ, ಕೋಷ್ಟಕವನ್ನು ಕೂತು ಓದಿದೆ. ಒಂದು ಕಣ್ಣು ಹೋಗಿ ಇನ್ನೊಂದು ಸರಿಯಿದ್ದರೆ 30. ಆ ಇನ್ನೊಂದು ಕನ್ನಡಕ ಹಾಕಿಯೂ 6/24ಕ್ಕೆ ಇಳಿದರೆ ಒಮ್ಮೆಲೇ 60. ನಡುವೆ ನನ್ನಂಥವನು ಕಾಲಿಡಲು ಮೆಟ್ಟಿಲಿಲ್ಲ. ಅಂದರೆ ಎಡಗಣ್ಣು ಚೆನ್ನಾಗಿರುವುದೇ ನನ್ನ ಅರ್ಜಿಯಲ್ಲಿರುವ ದೋಷ. ನಮ್ಮ ಮಂಡಿಯಲ್ಲೂ ರಾಶಿ, ಬೆಟ್ಟೆ, ಗೊರಬಲು ಅಂತ ವಿಂಗಡಿಸುತ್ತೇವೆ. ಆದರೆ ಗೊರಬಲಿಗೂ ಒಂದು ರೇಟು ಅಂತ ಇರುತ್ತದೆ.

ನನಗೆ ಬಂದದ್ದು ಕೊರಾಯ್ಡಲ್ ಮೆಲನೋಮ. ಕಣ್ಣಿನ ಪರದೆಯ ಹಿಂದಿರುವ ಪದರದಲ್ಲಿ ಬಣ್ಣದ ಕಣಗಳಿರುತ್ತವಲ್ಲ, ಅವು ಕೆಟ್ಟರೆ ಹುಟ್ಟುವ ಕ್ಯಾನ್ಸರ್. ಯುರೋಪ್, ಅಮೆರಿಕದ ಬಿಳಿಯರಲ್ಲಿ ವರ್ಷಕ್ಕೆ 10 ಲಕ್ಷ ಮಂದಿಗೆ ಐದಾರು ಜನಕ್ಕೆ ಬರುತ್ತದೆ. ನಮ್ಮ ಕಡೆ ಒಬ್ಬರಿಗಿಂತಲೂ ಕಡಿಮೆ. ಲಾಟರಿ ಹೊಡೆದವನನ್ನು ನೋಡಲು ಬಂದಂತೆ ನೆಂಟರು ಬಂದರು. 'ಅಡಿಕೆ ಮಂಡಿಯಲ್ಲಿ ಇರ್ತೀಯಲ್ಲ ಮಾರಾಯ, ಅದಕ್ಕೇ' ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಅಡಿಕೆ ಅಗಿದರೆ ಬಾಯಿಗೆ ಕ್ಯಾನ್ಸರ್ ಬರುವುದು ನಿಜ. ಕಣ್ಣಲ್ಲಿ ಅಡಿಕೆ ಅಗಿಯುವವರು ಇನ್ನೂ ಹುಟ್ಟಿಲ್ಲ.

ಗೆಡ್ಡೆ ತೆಳ್ಳಗಿದ್ದಾಗಲೇ ಸಿಕ್ಕಿದ್ದರೆ ಕಣ್ಣು ಉಳಿಯುವ ಸಂಭವ ಇತ್ತು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಅಣುತ್ಯಾಜ್ಯದಿಂದ ರುಥೇನಿಯಂ-106 ಬೇರ್ಪಡಿಸಿ ಬೆಳ್ಳಿಯ ಪುಟ್ಟ ಬಿಲ್ಲೆ ಮಾಡಿದ್ದಾರೆ. ಅದನ್ನು ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು ಕೆಲವು ದಿನ ಬಿಟ್ಟರೆ ಗೆಡ್ಡೆ ಸುಡುತ್ತದೆ. ಆಮದಿನದಕ್ಕಿಂತ ಅಗ್ಗ ಕೂಡ. ಕಸದಿಂದ ರಸ ಅಂದರೆ ಇದು! ಆದರೆ ನೋವಿಲ್ಲದ ರೋಗ ನೋಡಿ, ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡುವ ತನಕ ಯಾರಿಗೂ ಕಾಣಲಿಲ್ಲ. ಅಷ್ಟರಲ್ಲಿ ಗೆಡ್ಡೆ ಬಿಲ್ಲೆಯ ಕೈಮೀರಿ ಬೆಳೆದಿತ್ತು.

ಈಗ ಮೂವತ್ತರ ಇನ್ನೊಂದು ಮಹಿಮೆ. ನಮ್ಮದು ಎಪಿಎಲ್ ಕಾರ್ಡು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ನಮಗೆ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷ ಮೀರದಂತೆ. ಅಂಗವೈಕಲ್ಯವೂ 30, ಅನುಕಂಪವೂ 30. ನಿಮ್ಮ ಇಲಾಖೆಗಳ ನಡುವೆ ಹೊಂದಾಣಿಕೆ ಇಲ್ಲ ಎಂದು ಇನ್ನು ಮುಂದೆ ಯಾರಾದರೂ ಆಡಿಕೊಂಡರೆ ನನ್ನ ಹತ್ತಿರ ಕಳಿಸಿ.

ಆದರೆ ಖರ್ಚು ಆಪರೇಷನ್ನಿಗೆ ಮುಗಿಯುವುದಿಲ್ಲ. ಈ ರೋಗ ಬಂದ ಹೆಚ್ಚುಕಡಿಮೆ ಅರ್ಧ ಮಂದಿಯಲ್ಲಿ ಅದು ಮುಂದೆಂದೋ ಬೇರೆಡೆ ಹರಡುತ್ತದೆ, ಬಹುಪಾಲು ಲಿವರಿಗೆ. ಆದ್ದರಿಂದ ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್. ವಿಮೆಯವರಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿಯೊಬ್ಬಳು ಬಲು ಮರ್ಯಾದೆಯಿಂದ, 'ಸರ್, ಅಡ್ಮಿಟ್ ಆಗಿದ್ರಾ?' ಎಂದು ಕೇಳಿದಳು. ಇಲ್ಲಮ್ಮ, ಅಡ್ಮಿಟ್ ಆಗಬಾರದು ಅಂತಲೇ ಈ ಸ್ಕ್ಯಾನ್ ಅಂದೆ. ಹಾಗಾದರೆ ಬರುವುದಿಲ್ಲ ಸರ್ ಅಂದಳು. ಆದಾಯ ತೆರಿಗೆಯಲ್ಲಿ ಕ್ಯಾನ್ಸರಿಗೆ 40,000 ರೂಪಾಯಿವರೆಗೆ ಕಡಿತ ಇದೆಯಂತೆ. ಅದಕ್ಕೆ ಮೊದಲು ತೆರಿಗೆ ಕಟ್ಟುವಷ್ಟು ಸಂಬಳ ಬರಬೇಕು. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ 50 ಲಕ್ಷದವರೆಗೆ ನೆರವುಂಟು, ಆದರೆ ಪಟ್ಟಿಯಲ್ಲಿ ಹೆಸರಿದ್ದ ರೋಗಕ್ಕೆ. ನನ್ನದು ಇಲ್ಲ. ಲಿವರಿಗೆ ಹರಡಿದ ಮೇಲೆ ಟೆಬೆಂಟಾಫಸ್ಪ್ ಎಂಬ ಔಷಧವಿದೆ. ಅಮೆರಿಕದಲ್ಲಿ 2022ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ವಾರಕ್ಕೊಂದು ಡೋಸು, ರಕ್ತದಲ್ಲಿ ಒಂದು ನಿರ್ದಿಷ್ಟ ಗುಣ ಇದ್ದವರಿಗೆ ಮಾತ್ರ. ದರ ಕೇಳಿದ ಮೇಲೆ ಆ ಗುಣ ನನಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಸುವ ಕುತೂಹಲ ಹೊರಟುಹೋಯಿತು.

ಇನ್ನು ದಾನಿಗಳ ವಿಚಾರ. ಗೆಳೆಯನ ಮಗ ಮೊಬೈಲಿನಲ್ಲಿ ನನ್ನ ಹೆಸರಲ್ಲಿ ಚಂದಾ ಎತ್ತಲು ಹೊರಟ. ಅದನ್ನು ನಡೆಸುವ ಕಂಪನಿಯವರು ಫೋಟೊ ನೋಡಿ, 'ಸ್ವಲ್ಪ ಪೇಷಂಟ್ ಥರ ಕಾಣೋ ಫೋಟೊ ಇಲ್ವಾ?' ಅಂದರು. ತಪ್ಪು ಕೃತಕ ಕಣ್ಣು ಮಾಡಿದವರದು. ಬೆಂಗಳೂರಿನಲ್ಲಿ ಆ ಪುಣ್ಯಾತ್ಮ ನನ್ನ ಎದುರು ಕೂತು, ಎಡಗಣ್ಣನ್ನೇ ದಿಟ್ಟಿಸಿ, ಅಕ್ರಿಲಿಕ್ ಚಿಪ್ಪಿನ ಮೇಲೆ ಸಣ್ಣ ಕುಂಚದಿಂದ ಕಂದು ಬಣ್ಣವನ್ನು ಪದರ ಪದರವಾಗಿ ಹಚ್ಚಿದರು. ಬಿಳಿ ಭಾಗದಲ್ಲಿ ನರ ಕಾಣಬೇಕೆಂದು ಕೆಂಪು ರೇಷ್ಮೆ ನೂಲನ್ನು ಎಳೆ ಎಳೆಯಾಗಿ ಬಿಡಿಸಿ ಇಟ್ಟರು. ನಿದ್ದೆಗೆಟ್ಟವನ ಕಣ್ಣಿನ ಕೆಂಪನ್ನೂ ಬಿಡಲಿಲ್ಲ. ಸರ್ಟಿಫಿಕೇಟಿಗೆ ಹೋದಲ್ಲಿ ಎಳೆಯ ಡಾಕ್ಟರೊಬ್ಬರು ಟಾರ್ಚ್ ಬಿಟ್ಟು 'ಯಾವ ಕಣ್ರೀ?' ಎಂದು ಕೇಳುವಷ್ಟು ಚೆನ್ನಾಗಿದೆ.

ಒಂಟಿಗಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿ ಲೋಟದ ಪಕ್ಕಕ್ಕೆ ಬೀಳುತ್ತದೆ. ಬಸ್ಸಿನ ಕೊನೆಯ ಮೆಟ್ಟಿಲು ಇಲ್ಲದ ಕಡೆ ಕಾಲಿಡುತ್ತೇನೆ. ಮಂಡಿಯಲ್ಲಿ ಬಲಗಡೆಯ ಚೀಲಗಳಿಗೆಲ್ಲ ನನ್ನ ಭುಜದ ಪರಿಚಯವಾಗಿದೆ. ಇವೆಲ್ಲ ಸೇರಿ ಮೂವತ್ತೇ ಇರಬಹುದು, ನಿಮ್ಮ ಲೆಕ್ಕದ ಮೇಲೆ ನನ್ನದೇನೂ ತಕರಾರಿಲ್ಲ.

ಹಾಗಾಗಿ ಅರಿಕೆ ಇಷ್ಟೇ. ಕ್ಯಾನ್ಸರ್ ರೋಗಿ ಮಲಗಿದ ಮೇಲೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಅವನು ಓಡಾಡಿಕೊಂಡಿರುವಾಗಲೇ ಸ್ಕ್ಯಾನಿಗೆ ಕೊಡಿ. ಲೆಕ್ಕ ಹಾಕಿ ನೋಡಿ, ಉಳಿತಾಯ ನಿಮ್ಮದೇ. ನಿಮ್ಮ ಕಡತ ಮೇಲಿನ ಟೇಬಲ್ಲಿಗೆ ಹೋಗುವಷ್ಟರಲ್ಲಿ ನನ್ನ ಮುಂದಿನ ಸ್ಕ್ಯಾನು ಬರುತ್ತದೆ. ಅದಕ್ಕೆ ಯಾರಾದರೂ ಕೈಲಾದಷ್ಟು ಕೊಟ್ಟರೆ ಬೇಡವೆನ್ನುವ ಸ್ಥಿತಿಯಲ್ಲಿ ನಾನಿಲ್ಲ. ಅಳುವ ಫೋಟೊ ಕೇಳಬೇಡಿ, ರಸೀದಿ ಕೇಳಿ. ಕೈಬರಹದಲ್ಲಿ, ಪೈಸೆ ಲೆಕ್ಕದ ಸಮೇತ ಕೊಡುತ್ತೇನೆ. ದಾನಕ್ಕಿರುವ ತೆರಿಗೆ ವಿನಾಯಿತಿ ಮಾತ್ರ ಸಿಗುವುದಿಲ್ಲ. ನಾನು ನೋಂದಾಯಿತ ಸಂಸ್ಥೆಯಲ್ಲ, ಬರೀ ರೋಗಿ.