ಶ್ರವಣಭಯಮೀಮಾಂಸೆ: ಕಿವಿಯಲ್ಲಿ ಕೊಲೆ ಕೇಳುವುದರ ಶಾಸ್ತ್ರವಿಚಾರ

ಆಡಿಯೋ ಪುಸ್ತಕವೆಂದರೆ ಒಬ್ಬರು ಓದಿ ಧ್ವನಿಮುದ್ರಿಸಿದ ಕೃತಿಯನ್ನು ಇನ್ನೊಬ್ಬರು ಬೇರೇನನ್ನೋ ಮಾಡುತ್ತ ಕೇಳುವುದಕ್ಕೆ ಒದಗಿಸಿದ ಸಾಧನ. ಈ ಲಕ್ಷಣದಿಂದ ‘ಬೇರೇನನ್ನೋ ಮಾಡುತ್ತ’ ಎಂಬ ವಿಶೇಷಣವನ್ನು ತೆಗೆದುಹಾಕಿದರೆ ಅತಿವ್ಯಾಪ್ತಿ, ಅಂದರೆ ಲಕ್ಷಣವು ತನ್ನದಲ್ಲದ ವಸ್ತುವಿಗೂ ಚಾಚಿಕೊಳ್ಳುವ ದೋಷ, ಉಂಟಾಗಿ ಗಮಕವಾಚನವೂ ಹರಿಕಥೆಯೂ ಅದರೊಳಕ್ಕೆ ನುಗ್ಗುತ್ತವೆ. ಕುಮಾರವ್ಯಾಸ ಭಾರತದ ವಾಚನದಲ್ಲಿ ದುಶ್ಶಾಸನನ ವಧೆ ನಡೆಯುತ್ತಿರುವಾಗ ಸಭೆಯಲ್ಲಿ ಕುಳಿತು ಹುರುಳಿಕಾಯಿಯ ನಾರು ತೆಗೆಯುವವರಿಲ್ಲ. ತೆಗೆದರೆ ಗಮಕಿಗಳು ತಿರುಗಿ ನೋಡುತ್ತಾರೆ. ಆಡಿಯೋ ಪುಸ್ತಕದ ವಾಚಕರು ನೋಡುವುದಿಲ್ಲ, ಮತ್ತು ಈ ನೋಡದಿರುವಿಕೆಯೇ ಪ್ರಸ್ತುತ ಶಾಸ್ತ್ರದ ಅಡಿಗಲ್ಲು. ಇನ್ನು ಸೈಕಲಾಜಿಕಲ್ ಥ್ರಿಲ್ಲರ್ ಎಂಬುದು, ಕೊಂದವರು ಯಾರು ಎಂಬ ಪ್ರಶ್ನೆಗಿಂತ ಕಥೆ ಹೇಳುತ್ತಿರುವವರನ್ನು ನಂಬಬಹುದೇ ಎಂಬ ಪ್ರಶ್ನೆ ದೊಡ್ಡದಾಗಿರುವ ಕಾದಂಬರಿ. ಈ ಎರಡೂ ಕೂಡಿದಾಗ ಹುಟ್ಟುವ ಜ್ಞಾನಮೀಮಾಂಸೆಯ ಬಿಕ್ಕಟ್ಟನ್ನು ವಿದ್ವಾಂಸರು ಇದುವರೆಗೆ ಅಲಕ್ಷಿಸಿದ್ದಾರೆ. ಬಹುಶಃ ಅವರ ಮನೆಗಳಲ್ಲಿ ಪಾತ್ರೆ ತೊಳೆಯುವವರು ಬೇರೆಯವರು.

ನ್ಯಾಯದರ್ಶನದ ಪ್ರಕಾರ ಆಪ್ತನ ಮಾತೇ ಶಬ್ದಪ್ರಮಾಣ. ಆಪ್ತನೆಂದರೆ ವಸ್ತುವನ್ನು ಇದ್ದಂತೆ ಬಲ್ಲವನು ಮತ್ತು ಬಲ್ಲುದನ್ನು ಇದ್ದಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಥ್ರಿಲ್ಲರಿನ ನಿರೂಪಕನು ಈ ಲಕ್ಷಣದ ಮೊದಲ ಅರ್ಧದಲ್ಲಿ ಪಾಸಾಗಿ ಎರಡನೆಯ ಅರ್ಧದಲ್ಲಿ ಫೇಲಾಗುವುದನ್ನು ವೃತ್ತಿಯಾಗಿ ಸ್ವೀಕರಿಸಿದವನು. ಮುದ್ರಿತ ಪುಸ್ತಕದಲ್ಲಿ ಅಕ್ಷರಕ್ಕೆ ಮುಖವೂ ಇಲ್ಲ, ಉಸಿರೂ ಇಲ್ಲವಾದ್ದರಿಂದ ಓದುಗನು ಅದನ್ನು ದೂರದಿಂದಲೇ ಶಂಕಿಸಬಲ್ಲ. ಇಯರ್‌ಫೋನಿನಲ್ಲಾದರೋ ಆ ಸುಳ್ಳುಗಾರನು ಕಿವಿಯ ತಮಟೆಗೆ ಬೆರಳಗಲದಷ್ಟು ಹತ್ತಿರ ಬಂದು, ಮನೆಯ ಯಾವ ಆಪ್ತನೂ ಹತ್ತು ವರ್ಷಗಳಿಂದ ಆಡದಷ್ಟು ಮೆಲುದನಿಯಲ್ಲಿ, ಅಡ್ಡಮಾತಿಲ್ಲದೆ, ಹತ್ತು ಗಂಟೆ ಮಾತನಾಡುತ್ತಾನೆ. ಅನಾಪ್ತನ ವಾಕ್ಯವು ಆಪ್ತಕಂಠದಿಂದ ಹೊರಡುವ ಈ ಪ್ರಮಾಣಸಂಕರದಲ್ಲಿ ನಿಜವಾದ ಶಂಕಿತರು ಪಾತ್ರಗಳಲ್ಲ, ವಾಚಕರೇ ಎಂಬುದು ಈ ಪ್ರಬಂಧದ ಸಿದ್ಧಾಂತ. ಮೊದಲ ವಾಕ್ಯವನ್ನು ಓದುವಾಗಲೇ ಅವರಿಗೆ ಕೊಲೆಗಾರ ಯಾರೆಂದು ಗೊತ್ತು. ಗೊತ್ತಿದ್ದೂ ಮುಗ್ಧದನಿಯಲ್ಲಿ ಓದುತ್ತಾರೆ. ಅದಕ್ಕೆ ಸಂಭಾವನೆಯನ್ನೂ ಪಡೆಯುತ್ತಾರೆ.

ಚರಿತ್ರೆ ಈ ಸಿದ್ಧಾಂತವನ್ನು ಬೆಂಬಲಿಸುತ್ತದೆ. 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ ಥಾಮಸ್ ಎಡಿಸನ್, ಮರುವರ್ಷವೇ ಅದರ ಉಪಯೋಗಗಳನ್ನು ಪಟ್ಟಿ ಮಾಡುತ್ತ ಅಂಧರಿಗಾಗಿ ಮಾತನಾಡುವ ಪುಸ್ತಕಗಳನ್ನೂ ಅದರಲ್ಲಿ ಸೇರಿಸಿದ್ದ. ಆ ಮಾತು ಕೈಗೂಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿದು, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಅಗತ್ಯವೂ ಒತ್ತಾಸೆಯಾಗಿ, ಬ್ರಿಟನ್ನಿನಲ್ಲಿ 1935ರಲ್ಲಿ ಮಾತನಾಡುವ ಪುಸ್ತಕಗಳ ಸೇವೆ ಆರಂಭವಾಯಿತು. ಒಂದು ಮಗ್ಗುಲಿಗೆ ಸುಮಾರು 25 ನಿಮಿಷ ಹಿಡಿಯುವ ಗ್ರಾಮಫೋನ್ ತಟ್ಟೆಗಳ ಮೇಲೆ ಬಂದ ಮೊದಲ ಕೃತಿಗಳಲ್ಲಿ ಒಂದು ಜೋಸೆಫ್ ಕಾನ್ರಾಡನ ‘ಟೈಫೂನ್’, ಇನ್ನೊಂದು ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’. ಜಗತ್ತಿನ ಸಾಹಿತ್ಯವೆಲ್ಲ ಕೈಚಾಚಿ ನಿಂತಿರುವಾಗ ಕೊಲೆಯ ಕಾದಂಬರಿಯೊಂದು, ಅದರಲ್ಲಿಯೂ 1926ರ ಈ ಕಾದಂಬರಿ, ಸರತಿಯಲ್ಲಿ ಮುಂದೆ ಬಂದು ನಿಂತದ್ದು ಸಾಮಾನ್ಯ ಸಂಗತಿಯಲ್ಲ. ಅದರ ನಿರೂಪಕರು ಡಾಕ್ಟರ್ ಶೆಪರ್ಡ್ ಎಂಬ ಹಳ್ಳಿಯ ವೈದ್ಯರು. ಅವರ ವಿಷಯದಲ್ಲಿ ಇದಕ್ಕಿಂತ ಹೆಚ್ಚಿಗೆ ಒಂದಕ್ಷರ ಹೇಳುವುದೂ ಶ್ರವಣಧರ್ಮಕ್ಕೆ ವಿರುದ್ಧವಾದ್ದರಿಂದ, ಈ ಪ್ರಬಂಧವು ತನ್ನ ಸಿದ್ಧಾಂತಕ್ಕೆ ಇರುವ ಅತ್ಯಂತ ಪ್ರಬಲ ಪ್ರಮಾಣವನ್ನು ಕೈಯಲ್ಲಿ ಹಿಡಿದುಕೊಂಡೂ ಮಂಡಿಸಲಾರದ ಸ್ಥಿತಿಯಲ್ಲಿದೆ. ಗೊತ್ತಿದ್ದವರು ತಲೆಯಾಡಿಸಬಹುದು.

ಅದೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಕೊಲೆ ತಟ್ಟೆಯ ಮೇಲೆ ತಿರುಗತೊಡಗಿದ ವರ್ಷವೇ ಮೈಸೂರಿನಲ್ಲಿ ಮನಶ್ಶಾಸ್ತ್ರಜ್ಞರೊಬ್ಬರು ಜನರ ಕಿವಿಗೆ ಕೈಹಾಕಿದರೆಂಬುದರಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ. ಆದರೂ ತೀರ್ಮಾನ ಹೊರಡದ ಇಂಥ ಸಂಗತಿಗಳಿಂದಲೇ ಶಾಸ್ತ್ರಗ್ರಂಥಗಳು ದಪ್ಪವಾಗುತ್ತವೆ.

ಕೇಳುವುದು ಓದಲ್ಲ ಎಂಬ ಪೂರ್ವಪಕ್ಷವೊಂದುಂಟು. ವೇದವನ್ನು ಸಾವಿರಾರು ವರ್ಷ ಕಿವಿಯಿಂದಲೇ ಉಳಿಸಿಕೊಂಡ ನಾಡಿನಲ್ಲಿ ಇದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ.

ವಾಚಕರ ಕಂಠವು ಕಥೆಗೆ ಮಾಡುವ ಉಪಕಾರಕ್ಕಿಂತ ಅಪಕಾರವನ್ನು ಪರಿಶೀಲಿಸುವುದು ಹೆಚ್ಚು ಫಲಪ್ರದ. ಕೊಲೆಗಾರನ ಸ್ವಗತವೆಂಬ ಅಧ್ಯಾಯಗಳನ್ನು ಹೆಸರಿಲ್ಲದೆ ನಡುನಡುವೆ ಸೇರಿಸುವುದು ಈ ಪ್ರಕಾರದ ಹಳೆಯ ತಂತ್ರ. ಕನ್ನಡದ ಉತ್ತಮಪುರುಷ ಕ್ರಿಯಾಪದವು ಈ ತಂತ್ರಕ್ಕೆ ಹೇಳಿಮಾಡಿಸಿದಂತಿದ್ದು, ‘ಬಂದೆ, ಕೊಂದೆ, ಕೈತೊಳೆದುಕೊಂಡೆ’ ಎಂಬಲ್ಲಿ ಮಾಡಿದವರು ಗಂಡೋ ಹೆಣ್ಣೋ ಎಂಬುದನ್ನು ವ್ಯಾಕರಣವು ಪೂರ್ಣವಾಗಿ ಗೋಪ್ಯವಾಗಿಡುತ್ತದೆ. ವಾಚಕರು ಬಾಯಿ ತೆರೆದ ಕ್ಷಣವೇ ಊರಿನ ಶಂಕಿತರಲ್ಲಿ ಅರ್ಧದಷ್ಟು ಮಂದಿ ಬಿಡುಗಡೆಯಾಗುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕಂಠ ಹಂಚುವ ಪದ್ಧತಿಯೂ ಉಂಟು. ಗಿಲಿಯನ್ ಫ್ಲಿನ್‌ರ ‘ಗಾನ್ ಗರ್ಲ್’ (2012) ಕಾದಂಬರಿಯಲ್ಲಿ ಹೆಂಡತಿಯ ಪಾಲನ್ನು ಜೂಲಿಯಾ ವೇಲನ್ ಓದಿದರೆ ಗಂಡನ ಪಾಲನ್ನು ಕರ್ಬಿ ಹೇಬೋರ್ನ್ ಓದುತ್ತಾರೆ, ಮತ್ತು ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ನಂಬಿಕೆಯಿಂದ ಅದನ್ನು ಕೇಳತೊಡಗಿದವರು ಉಂಡ ಮೇಲೂ ಮಲಗುವುದಿಲ್ಲ. ಪೌಲಾ ಹಾಕಿನ್ಸ್‌ರ ‘ದಿ ಗರ್ಲ್ ಆನ್ ದ ಟ್ರೇನ್’ (2015) ಮೂವರು ಹೆಂಗಸರ ಕಥೆ. ಓದಿದವರೂ ಮೂವರು, ಅವರಲ್ಲಿ ಲೂಯಿಸ್ ಬ್ರೀಲಿ ಒಬ್ಬರು. ನಾಲ್ಕು ವರ್ಷಗಳ ತರುವಾಯ ಬಂದ ಅಲೆಕ್ಸ್ ಮೈಕೆಲಿಡೀಸ್‌ರ ‘ದಿ ಸೈಲೆಂಟ್ ಪೇಷೆಂಟ್’ ಕಾದಂಬರಿಯ ನಾಯಕಿ ಗಂಡನಿಗೆ ಗುಂಡಿಕ್ಕಿದ ಆರೋಪ ಹೊತ್ತು ಅಲ್ಲಿಂದಾಚೆ ಒಂದು ಮಾತನ್ನೂ ಆಡದವಳು. ಒಂದು ಮಾತನ್ನೂ ಆಡದವಳ ಕಥೆಯನ್ನು ಕಿವಿಯಿಂದ ಕೇಳಲು ಲಕ್ಷಾಂತರ ಜನ ಹಣ ತೆತ್ತರೆಂಬುದೇ ವಿಚಾರಾರ್ಹ. ಅದಕ್ಕಿಂತ ವಿಚಾರಾರ್ಹವಾದುದು, ಅವಳ ದಿನಚರಿಯ ಪುಟಗಳನ್ನು ಓದಿದವರು ಅದೇ ಬ್ರೀಲಿ ಎಂಬುದು. ಹಿಂದಿನ ಕಾದಂಬರಿಯನ್ನು ಕೇಳಿದ್ದ ಶ್ರೋತೃವಿಗೆ ಇಲ್ಲಿ ಪ್ರತ್ಯಭಿಜ್ಞೆ, ಅಂದರೆ ‘ಅವಳೇ ಇವಳು’ ಎಂಬ ಗುರುತಿನ ಜ್ಞಾನ, ಉಂಟಾಗಿ, ರೈಲಿನ ಕಾದಂಬರಿಯಿಂದ ತಪ್ಪಿಸಿಕೊಂಡು ಬಂದವಳೊಬ್ಬಳು ಈ ಮನೆಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದಾಳೆಂಬ, ಲೇಖಕರಿಗೇ ತಿಳಿಯದ ಮೂರನೆಯ ಕಾದಂಬರಿಯೊಂದು ತಲೆಯೊಳಗೆ ನಡೆಯತೊಡಗುತ್ತದೆ.

ಮುದ್ರಿತ ಪುಸ್ತಕದ ಕಾಲದಲ್ಲಿ ಅವಸರದವರು ಕೊನೆಯ ಪುಟಕ್ಕೆ ಹಾರುತ್ತಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಿದ್ದ ದಿನಗಳಲ್ಲಿ, ಮೊದಲ ಪುಟದಲ್ಲಿಯೇ ಕೊಲೆಗಾರನ ಹೆಸರನ್ನು ಪೆನ್ಸಿಲಿನಿಂದ ಗುರುತಿಸಿಡುವ ಪರೋಪಕಾರಿಗಳೂ ಇದ್ದರು. ಆಡಿಯೋದಲ್ಲಿ ಇವೆರಡೂ ದುಸ್ತರವಾದ್ದರಿಂದ ಶ್ರೋತೃವು ಅನುಮಾನಪ್ರಮಾಣವನ್ನು ಆಶ್ರಯಿಸುತ್ತಾನೆ, ಮತ್ತು ಅದಕ್ಕೆ ಸಾಧನವಾಗಿ ಒದಗುವುದು ಪರದೆಯ ಮೇಲೆ ಕಾಣುವ ಬಾಕಿ ಸಮಯ. ಐದು ಅವಯವಗಳ ನ್ಯಾಯವಾಕ್ಯವಾಗಿ ಅದನ್ನು ಹೀಗೆ ಮಂಡಿಸಬಹುದು: ಪೊಲೀಸರು ಹಿಡಿದ ತೋಟದ ಮಾಲಿ ನಿರಪರಾಧಿ ಎಂಬುದು ಪ್ರತಿಜ್ಞೆ, ಇನ್ನೂ 2 ಗಂಟೆ 14 ನಿಮಿಷ ಬಾಕಿಯಿರುವುದರಿಂದ ಎಂಬುದು ಹೇತು, ಎಲ್ಲೆಲ್ಲಿ ಎರಡು ಗಂಟೆ ಬಾಕಿಯೋ ಅಲ್ಲಲ್ಲಿ ಸಿಕ್ಕಿಬಿದ್ದವರು ನಿರಪರಾಧಿಗಳು, ಹೋದ ವಾರದ ಕಾದಂಬರಿಯ ಮಲತಂದೆಯಂತೆ ಎಂಬುದು ಉದಾಹರಣೆ, ಇಲ್ಲಿಯೂ ಅಷ್ಟೇ ಎಂಬುದು ಉಪನಯ, ಆದುದರಿಂದ ಮಾಲಿಯನ್ನು ಬಿಟ್ಟುಬಿಡಿ ಎಂಬುದು ನಿಗಮನ. ಹೊಗೆಯಿರುವಲ್ಲಿ ಬೆಂಕಿಯಿದೆ ಎಂಬುದಕ್ಕೆ ಪ್ರಾಚೀನ ನೈಯಾಯಿಕರು ಅಡುಗೆಮನೆಯನ್ನೇ ದೃಷ್ಟಾಂತವಾಗಿ ಕೊಟ್ಟಿದ್ದರೆಂಬುದನ್ನೂ, ಮಾಲಿಯ ನಿರಪರಾಧಿತ್ವವು ಅಡುಗೆಮನೆಯಲ್ಲಿಯೇ ಸಿದ್ಧವಾಗುತ್ತದೆಂಬುದನ್ನೂ ಇಲ್ಲಿ ಜೋಡಿಸಿ ನೋಡಬೇಕು. ಆದರೆ ಈ ಅನುಮಾನಕ್ಕೆ ಉಪಾಧಿ, ಅಂದರೆ ವ್ಯಾಪ್ತಿಯನ್ನು ಕೆಡಿಸುವ ಗುಪ್ತ ನಿಬಂಧನೆ, ಒಂದುಂಟು. ಕೆಲವು ಪ್ರಕಾಶಕರು ಕಥೆ ಮುಗಿದ ಮೇಲೆ ಲೇಖಕರ ಸಂದರ್ಶನವನ್ನೋ ಮುಂದಿನ ಕಾದಂಬರಿಯ ಮೊದಲ ಅಧ್ಯಾಯವನ್ನೋ ಅಂಟಿಸುತ್ತಾರೆ. ಅಂಥಲ್ಲಿ ಅರ್ಧ ಗಂಟೆ ಬಾಕಿಯಿದೆಯೆಂದು ಇನ್ನೊಂದು ತಿರುವಿಗಾಗಿ ಕಾದು ನಿಂತ ಶ್ರೋತೃವಿಗೆ, ಲೇಖಕರು ತಮ್ಮ ಬೆಕ್ಕಿನ ಬಗ್ಗೆ ಮಾತನಾಡುವುದು ಕೇಳಿಸುತ್ತದೆ. ಆತ ಆ ಬೆಕ್ಕನ್ನೂ ಶಂಕಿಸುತ್ತಾನೆ.

ರಸದ ದೃಷ್ಟಿಯಿಂದ ನೋಡಿದರೆ ಇಲ್ಲಿ ಅಂಗಿ, ಅಂದರೆ ಪ್ರಧಾನ ರಸ, ಭಯಾನಕ. ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಹೇಳುತ್ತ ಏಳನೆಯದಾಗಿ ಸಂಶಯವನ್ನು ಎಣಿಸಿದ್ದಾನೆ. ಸಂಶಯವೇ ಬಂಡವಾಳವಾದ ಸಾಹಿತ್ಯವನ್ನು ಆ ಮಹಾಮತಿ ಕಂಡಿರಲಿಲ್ಲ; ಪ್ರೆಶರ್ ಕುಕ್ಕರನ್ನೂ ಕಂಡಿರಲಿಲ್ಲವಾದ್ದರಿಂದ ಎಂಟನೆಯ ವಿಘ್ನವನ್ನು ಸೇರಿಸುವ ಹೊಣೆ ಈ ಪ್ರಬಂಧದ ಮೇಲೆ ಬಿದ್ದಿದೆ. ಅಮೆಜಾನಿನ ಎಸಿಎಕ್ಸ್ ಎಂಬ ವ್ಯವಸ್ಥೆಯ ಮೂಲಕ ಪುಸ್ತಕ ಪ್ರಕಟಿಸುವವರು ಧ್ವನಿಮುದ್ರಣದ ಹಿನ್ನೆಲೆಯ ಸದ್ದನ್ನು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗೆ ಇಡಬೇಕು. ಅಷ್ಟು ಶುದ್ಧಿಯಿಂದ ಹೊರಟ ಮೌನವು ಒಗ್ಗರಣೆ, ಮಿಕ್ಸಿ ಮತ್ತು ಎದುರು ಮನೆಯ ಬೋರ್‌ವೆಲ್‌ಗಳ ನಡುವೆ ಬಂದಿಳಿದು, ಬಾಗಿಲ ಹಿಂದೆ ನಿಂತವನ ಹೆಸರನ್ನು ನಾಯಕಿ ಉಚ್ಚರಿಸುವ ಅದೇ ಕ್ಷಣಕ್ಕೆ ಕುಕ್ಕರ್ ಮೂರನೆಯ ಬಾರಿ ಕೂಗುತ್ತದೆ. ಹದಿನೈದು ಸೆಕೆಂಡು ಹಿಂದಕ್ಕೆ ಹೋಗಲು ಫೋನು ಮುಟ್ಟಬೇಕು, ಕೈ ಸೋಪಿನದು.

ಈ ಶಾಸ್ತ್ರಕ್ಕೆ ಅತ್ಯಂತ ಅನುಕೂಲವಾದ ಕರ್ಮವೆಂದರೆ ಪಾತ್ರೆ ತೊಳೆಯುವುದಲ್ಲ, ಅವರೆಕಾಳು ಹಿತುಕುವುದು. ಪಾತ್ರೆಗಳು ಮುಗಿಯುತ್ತವೆ, ಮುಗಿದ ಮೇಲೂ ಅಧ್ಯಾಯ ಮುಗಿಯದೆ ಶ್ರೋತೃವು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ನಿಲ್ಲಬೇಕಾಗುತ್ತದೆ. ನೆನೆಸಿಟ್ಟ ಅವರೆಯ ರಾಶಿ ಮಾತ್ರ ಯಾವ ಕಾದಂಬರಿಗೂ ಸೋಲುವುದಿಲ್ಲ. ಸ್ತಂಭ, ಸ್ವೇದ, ರೋಮಾಂಚ ಮೊದಲಾದ ಎಂಟು ಸಾತ್ತ್ವಿಕ ಭಾವಗಳು, ಅಂದರೆ ಒಳಗಿನ ಭಾವಕ್ಕೆ ಮೈ ತಾನಾಗಿ ಕೊಡುವ ಸಾಕ್ಷ್ಯಗಳು, ಇಲ್ಲಿ ಬೆರಳ ತುದಿಯಲ್ಲಿ ಪ್ರಕಟವಾಗುತ್ತವೆ. ವಿಚಾರಣೆಯ ಅಧ್ಯಾಯಗಳಲ್ಲಿ ಬೇಳೆ ಸಮಗತಿಯಲ್ಲಿ ಬಟ್ಟಲಿಗೆ ಬೀಳುತ್ತದೆ, ನೆಲಮಾಳಿಗೆಯ ಮೆಟ್ಟಿಲಿನ ಪ್ರಸಂಗದಲ್ಲಿ ಬೆರಳು ನಿಲ್ಲುತ್ತದೆ, ಕೊಲೆಯಾದಾಗ ಬೇಳೆ ಫ್ರಿಜ್ಜಿನ ಕೆಳಗೆ ಸಿಗುತ್ತದೆ. ಡಿಸೆಂಬರ್, ಜನವರಿಗಳ ಅವರೆಯ ಸುಗ್ಗಿಗೂ ಉದ್ದನೆಯ ಥ್ರಿಲ್ಲರುಗಳಿಗೂ ಇರುವ ಈ ಸಂಬಂಧವನ್ನು ಪ್ರಕಾಶಕರು ಇನ್ನೂ ಗಮನಿಸಿದಂತಿಲ್ಲ.

ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರ ವಿಷಯವನ್ನು ಸಂಕ್ಷೇಪವಾಗಿ ಮುಗಿಸಬಹುದು, ಅವರಿಗೂ ಅದೇ ಇಷ್ಟ. ಹತ್ತು ಗಂಟೆಯ ಕಾದಂಬರಿ ಅವರಿಗೆ 6 ಗಂಟೆ 40 ನಿಮಿಷಕ್ಕೆ ಮುಗಿಯುತ್ತದೆ. ವಿಧವೆಯ ಬಿಕ್ಕಳಿಕೆ ನಗುವಿನಂತೆ ಕೇಳಿಸಿ ಅವಳೇ ಕೊಲೆಗಾರಳೆಂಬ ತಪ್ಪು ಜ್ಞಾನವು ನಾಲ್ಕನೆಯ ಅಧ್ಯಾಯದಲ್ಲಿಯೇ ದೃಢವಾಗುತ್ತದೆ.

ಮಲಗಿ ಕೇಳುವವರ ಸಮಸ್ಯೆ ಇದಕ್ಕಿಂತ ಗಹನ. ನಿದ್ರೆಗೆ ಜಾರಿದವರ ಪಕ್ಕದಲ್ಲಿ ಕಥೆ ಮಾತ್ರ ಎಚ್ಚರವಾಗಿದ್ದು, ರಹಸ್ಯವೆಲ್ಲ ಸೀಲಿಂಗ್ ಫ್ಯಾನಿಗೆ ನಿವೇದಿತವಾಗುತ್ತದೆ. ಬೆಳಿಗ್ಗೆ ಎದ್ದವರಿಗೆ ಸಹಾಯಕವಾಗುವುದು ಮೀಮಾಂಸಕರ ಅರ್ಥಾಪತ್ತಿ, ಅಂದರೆ ಕಂಡದ್ದು ಹೊಂದಿಕೆಯಾಗಬೇಕಾದರೆ ಕಾಣದ್ದನ್ನು ಕಲ್ಪಿಸಿಕೊಳ್ಳಲೇಬೇಕೆಂಬ ಪ್ರಮಾಣ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಇದಕ್ಕೆ ಶಾಸ್ತ್ರಪ್ರಸಿದ್ಧ ಉದಾಹರಣೆ. ಭಾರತೀಯ ವಾಙ್ಮಯದ ಮೊದಲ ಶಂಕಿತನೆಂಬ ಗೌರವವೂ ದೇವದತ್ತನಿಗೇ ಸಲ್ಲಬೇಕು. ರಾತ್ರಿ ಹನ್ನೆರಡನೆಯ ಅಧ್ಯಾಯದಲ್ಲಿ ತಂಗಿಗೆ ಚಹಾ ಕೊಡುತ್ತಿದ್ದ ಅಣ್ಣ ಬೆಳಿಗ್ಗೆ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಜೈಲಿನಲ್ಲಿದ್ದಾನೆ, ಆದ್ದರಿಂದ ಚಹಾದಲ್ಲಿ ಏನೋ ಇತ್ತು. ಅಧ್ಯಾಯ ಮುಗಿದೊಡನೆ ತಾನಾಗಿ ನಿಲ್ಲುವ ಸ್ಲೀಪ್ ಟೈಮರ್ ಎಂಬ ಸೌಲಭ್ಯ ಇದ್ದೇ ಇದೆಯಲ್ಲ ಎಂದರೆ, ಥ್ರಿಲ್ಲರಿನ ಅಧ್ಯಾಯಗಳು ಯಾರೋ ಬಾಗಿಲು ಬಡಿಯುವಲ್ಲಿಯೇ ಮುಗಿಯುವುದರಿಂದ ಅದನ್ನು ಬಳಸಿದವರು ನಿದ್ರಿಸಿದ ದಾಖಲೆಯಿಲ್ಲ.

ಉಳಿದದ್ದು ಪಥಶ್ರವಣ. ಕ್ಯಾಲಿಫೋರ್ನಿಯಾದ ಡುವಾಲ್ ಹೆಕ್ಟ್ ಎಂಬುವರು ದಿನನಿತ್ಯದ ಕಾರು ಪ್ರಯಾಣದ ಬೇಸರ ತಾಳಲಾರದೆ 1975ರಲ್ಲಿ ‘ಬುಕ್ಸ್ ಆನ್ ಟೇಪ್’ ಸಂಸ್ಥೆಯನ್ನು ಕಟ್ಟಿ, ಇಡೀ ಕಾದಂಬರಿಗಳನ್ನು ಕ್ಯಾಸೆಟ್ಟಿನಲ್ಲಿ ಬಾಡಿಗೆಗೆ ಕೊಡತೊಡಗಿದರು. ಅವರು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ದೋಣಿ ನಡೆಸುವ ಸ್ಪರ್ಧೆಯ ಚಿನ್ನ ಗೆದ್ದವರು. ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತು, ದಾಟಿಬಂದದ್ದನ್ನು ಮಾತ್ರ ನೋಡುತ್ತ ವೇಗವಾಗಿ ಮುಂದೆ ಹೋಗುತ್ತಾನಾದ್ದರಿಂದ, ಥ್ರಿಲ್ಲರ್ ಕೇಳುವುದಕ್ಕೆ ಅದಕ್ಕಿಂತ ಉತ್ತಮ ಪೂರ್ವಶಿಕ್ಷಣ ಇರಲಾರದು.

ಈ ಪರಂಪರೆಗೆ ಕರ್ನಾಟಕದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು 2023ರ ಮಾರ್ಚಿನಲ್ಲಿ, ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದಾಗ. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತೆಂದು ಹರ್ಷಿಸಿದವರು, ಇದರಿಂದ ಕಥೆಯ ಸಂಧಿಗಳಿಗೆ ಒದಗುವ ಹಾನಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಂದೆ ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಟ್ರಾಫಿಕ್ಕಿನಲ್ಲಿ ಒಬ್ಬೊಬ್ಬ ಶಂಕಿತನನ್ನು ನಿಧಾನವಾಗಿ ಕಳಚುತ್ತ ಬಂದು ಊರು ಮುಟ್ಟುವ ಹೊತ್ತಿಗೆ ಕೊಲೆಗಾರನೊಬ್ಬನೇ ಉಳಿಯುತ್ತಿದ್ದ. ಈಗ ಗಣಂಗೂರು ಟೋಲ್ ದಾಟುವಾಗಲೂ ನಾಲ್ವರು ಉಳಿದಿರುತ್ತಾರೆ. ಪರಿಣಾಮವಾಗಿ ಮೈಸೂರಿನ ಬಂಧುಗಳ ಮನೆಯ ಮುಂದೆ, ಎಂಜಿನ್ ಆರಿಸಿ ಕಿಟಕಿ ಏರಿಸಿಕೊಂಡು, ಯಾರೂ ಇಳಿಯದ ಕಾರುಗಳು ನಿಲ್ಲತೊಡಗಿವೆ.

ಕಾದು ಬೇಸತ್ತ ಚಿಕ್ಕಪ್ಪ ಗೇಟು ತೆರೆದು ಬಂದು, “ಯಾಕ್ರೋ, ಇಳೀರಿ, ಕಾಫಿ ಆರೋಗ್ತಾ ಇದೆ” ಎನ್ನುವುದೂ, “ಹನ್ನೊಂದೇ ನಿಮಿಷ ಚಿಕ್ಕಪ್ಪ, ಕೂತ್ಕೊಳಿ” ಎಂಬ ಉತ್ತರ ಪಡೆದು ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವುದೂ ಈ ಸನ್ನಿವೇಶದ ನಿಯತ ಘಟ್ಟಗಳು. ಮೊದಲ ಒಂಬತ್ತು ಗಂಟೆ ಕೇಳದ ಚಿಕ್ಕಪ್ಪನಿಗೆ ಶಾಸ್ತ್ರದಲ್ಲಿ ಅಧಿಕಾರವಿದೆಯೇ ಎಂಬ ಪ್ರಶ್ನೆ ಏಳುವ ಮೊದಲೇ ಅವರು, “ಅತ್ತಿಗೇನೇ ಕಣ್ರೋ ಮಾಡಿರೋದು, ದನಿ ಕೇಳಿದ್ರೆ ಗೊತ್ತಾಗಲ್ವಾ?” ಎಂದುಬಿಡುತ್ತಾರೆ. ನಾಳೆ ಅಣ್ಣ ಬರುತ್ತಾನೆಂದು ಹುಡುಗಿಯೊಬ್ಬಳು ಯಾವ ಆಧಾರವೂ ಇಲ್ಲದೆ ಹೇಳಿ, ಅಣ್ಣ ನಿಜವಾಗಿಯೂ ಬರುವಂಥ ಜ್ಞಾನವನ್ನು ಪ್ರಾಚೀನರು ಪ್ರಾತಿಭವೆಂದು ಕರೆದು ಬದಿಗಿಟ್ಟಿದ್ದರು. ಎಂಟು ನಿಮಿಷದ ತರುವಾಯ ಅತ್ತಿಗೆಯೇ ಸಿಕ್ಕಿಬಿದ್ದಾಗ, ಆ ವರ್ಗೀಕರಣವನ್ನು ಮರುಪರಿಶೀಲಿಸುವ ಅಗತ್ಯ ಮುಂದಿನ ಸೀಟಿನಲ್ಲಿರುವವರಿಗೆ ತೀವ್ರವಾಗಿ ಕಾಣುತ್ತದೆ. ಆದರೆ ಸಮಯ ಇನ್ನೂ ಮೂರು ನಿಮಿಷ ಬಾಕಿಯಿದೆ, ಅದು ಲೇಖಕರ ಸಂದರ್ಶನವೋ ಮತ್ತೊಂದು ತಿರುವೋ ಎಂಬುದು ನಿರ್ಣಯವಾಗಿಲ್ಲ. ಅಷ್ಟರಲ್ಲಿ ಚಿಕ್ಕಪ್ಪನನ್ನು ಕರೆಯಲು ಚಿಕ್ಕಮ್ಮ ಬರುತ್ತಾರೆ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ.