ವಾಲ್ಯೂಮ್ ಪೆಡಲ್ ಅವರೊಡನೆ ಒಂದು ಸಂದರ್ಶನ: ಸ್ಟೀಲ್ ಗಿಟಾರಿನ ಮನೆ ಸ್ಟುಡಿಯೊ ಕುರಿತು

ಪೆಡಲ್ ಸ್ಟೀಲ್ ಗಿಟಾರಿನ ಧ್ವನಿಮುದ್ರಣವನ್ನು ಕುರಿತ ಚರ್ಚೆಗಳಲ್ಲಿ ಮೈಕು, ಆಂಪ್ಲಿಫೈಯರು, ಕಂಪ್ಯೂಟರುಗಳ ಯೋಗ್ಯತೆಯನ್ನು ಸಾಕಷ್ಟು ಅಳೆದು ತೂಗಲಾಗಿದ್ದರೂ, ವಾದಕನ ಬಲಗಾಲಿನ ಕೆಳಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುವ ವಾಲ್ಯೂಮ್ ಪೆಡಲನ್ನು ಯಾರೂ ವಿಚಾರಿಸಿದಂತಿಲ್ಲ. ಆ ಲೋಪವನ್ನು ತುಂಬುವ ಉದ್ದೇಶದಿಂದ ಈ ಕಾಲ್ಪನಿಕ ಸಂದರ್ಶನವನ್ನು ಅಮೆರಿಕದ ನ್ಯಾಶ್ವಿಲ್ ನಗರದ ಹೊರವಲಯದ ಮನೆಯೊಂದರಲ್ಲಿ, ಅತಿಥಿಗಳಿಗೆಂದು ಕಟ್ಟಿಸಿ ಈಗ ಸ್ಟುಡಿಯೊ ಎಂದು ಕರೆಯಲಾಗುತ್ತಿರುವ ಕೋಣೆಯಲ್ಲಿ ನಡೆಸಲಾಯಿತು.

ಹವಾಯಿ ದ್ವೀಪಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮ ರೂಪುಗೊಂಡಿತು; ಕನ್ನಡ ಓದುಗರಿಗೆ ಪರಿಚಿತವಾದ ವಿಶ್ವಮೋಹನ ಭಟ್ಟರ ಮೋಹನ ವೀಣೆಯೂ ಈ ಕುಲಕ್ಕೇ ಸೇರಿದ್ದು. ಅಮೆರಿಕದಲ್ಲಿ ಆ ಹವಾಯಿ ಗಿಟಾರಿಗೆ ವಿದ್ಯುತ್ತು ಹರಿದು, ನಾಲ್ಕು ಕಾಲು ಮೂಡಿ, ನಾದ ಮೊಳಗುತ್ತಿರುವಾಗಲೇ ತಂತಿಯ ಬಿಗಿತವನ್ನು ಬದಲಿಸುವ ಕಾಲ್ಪೆಡಲುಗಳೂ ಮೊಣಕಾಲಿನ ಸನ್ನೆಗಳೂ ಸೇರಿಕೊಂಡವು. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಅವರು ಹೀಗೆ ಒಂದು ಸ್ವರವನ್ನು ಇನ್ನೊಂದರೊಳಗೆ ಬಾಗಿಸಿ ಕೇಳಿಸಿದ ಮೇಲೆ ಕಂಟ್ರಿ ಸಂಗೀತಕ್ಕೆ ಈ ವಾದ್ಯವಿಲ್ಲದೆ ನಡೆಯದಂತಾಯಿತು. ಸ್ವರ ಬದಲಿಸುವ ಪೆಡಲುಗಳು ಎಡಗಾಲಿನ ಪಾಲಿಗೆ ಬಂದರೆ, ಪ್ರಸ್ತುತ ಸಂದರ್ಶನವಿತ್ತಿರುವ ಪೆಡಲು ಬಲಗಾಲಿನ ಸ್ವತ್ತು. ಉತ್ತರಗಳಲ್ಲಿ ಅದು ತನ್ನನ್ನು ಎಲ್ಲೆಡೆ ‘ಈ ಪೆಡಲ್’ ಎಂದೇ ಕರೆದುಕೊಂಡಿದೆ. ಆಯುಷ್ಯವಿಡೀ ಇನ್ನೊಬ್ಬರ ಪಾದದಡಿ ಇದ್ದವರಿಗೆ ಉತ್ತಮ ಪುರುಷದಲ್ಲಿ ಮಾತನಾಡುವ ರೂಢಿ ತಪ್ಪಿಹೋಗುವುದು ಸಹಜವಾದ್ದರಿಂದ ಅದನ್ನು ತಿದ್ದಲು ಹೋಗಿಲ್ಲ.

ಪ್ರಶ್ನೆ: ಸದ್ದನ್ನು ಹೆಚ್ಚು ಕಡಿಮೆ ಮಾಡುವುದಷ್ಟೇ ತಮ್ಮ ಕೆಲಸವೆಂದು ಸಾಮಾನ್ಯರು ತಿಳಿದಿದ್ದಾರೆ. ಅದು ಸರಿಯೇ?

ಉತ್ತರ: ಸಾಮಾನ್ಯರು ಮಾತ್ರವಲ್ಲ, ಪೆಡಲನ್ನು ಕೊಂಡವರಲ್ಲಿಯೂ ಹಲವರು ಹಾಗೆಯೇ ತಿಳಿದಿದ್ದಾರೆ. ಮೀಟಿದ ತಂತಿಯ ನಾದ ಮೀಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಪಳಗಿದ ವಾದಕನು ಪೆಡಲನ್ನು ಅರ್ಧದಷ್ಟೇ ತುಳಿದು ತಂತಿ ಮೀಟಿ, ನಾದ ಇಳಿಯುತ್ತ ಹೋದಂತೆ ಪಾದವನ್ನು ಅಷ್ಟಷ್ಟಾಗಿ ಒತ್ತುತ್ತ ಹೋಗುವುದರಿಂದ, ಕೇಳುವವರಿಗೆ ಆ ಸ್ವರ ಕಮಾನಿನಿಂದ ಎಳೆದಂತೆ ದೀರ್ಘವಾಗಿ ನಿಂತ ಭ್ರಮೆ ಉಂಟಾಗುತ್ತದೆ. ನಷ್ಟವನ್ನು ಕಾಣದಂತೆ ಲೆಕ್ಕ ಬರೆಯುವ ಗುಮಾಸ್ತನ ಕಸುಬು ಇದು. ಇದಕ್ಕೆಲ್ಲ ಆಧಾರವಾಗಿರುವುದು ಈ ಪೆಡಲಿನ ಹೊಟ್ಟೆಯೊಳಗಿನ ಪೊಟೆನ್ಷಿಯೊಮೀಟರು, ಅಂದರೆ ತಿರುಗಿದಂತೆಲ್ಲ ವಿದ್ಯುತ್ತಿನ ದಾರಿಯಲ್ಲಿ ಅಡ್ಡಿಯನ್ನು ಹೆಚ್ಚು ಕಡಿಮೆ ಮಾಡುವ, ಸಾಮಾನ್ಯವಾಗಿ 500 ಕಿಲೋಓಮ್ ಸಾಮರ್ಥ್ಯದ ಒಂದು ಸಣ್ಣ ಬಿಡಿಭಾಗ. ಅದು ಸವೆದಾಗ ಕರಕರ ಎನ್ನುತ್ತದೆ. ವೇದಿಕೆಯ ಮೇಲೆ ಡ್ರಮ್ಮಿನ ಅಬ್ಬರದಲ್ಲಿ ಕೇಳದಿದ್ದ ಆ ಸದ್ದು ಮನೆಯ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿದ ದಿನ, ವಾದಕ ಮಹಾಶಯರು ಆಳವಾಗಿ ಯೋಚಿಸಿ ಹೊಸ ಮೈಕೊಂದನ್ನು ತರಿಸಿಕೊಂಡರು.

ಪ್ರಶ್ನೆ: ಕೋಣೆಯಲ್ಲಿ ಈಗಲೂ ಏನೋ ಗುಂಯ್ಗುಟ್ಟುತ್ತಿರುವಂತಿದೆಯಲ್ಲ?

ಉತ್ತರ: ಅದು ಮನೆಯ ವಿದ್ಯುತ್ತು. ಆಯಸ್ಕಾಂತದ ಸುತ್ತ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿ ಮಾಡಿದ ಪಿಕಪ್ ಎಂಬ ಭಾಗ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವುದರ ಜೊತೆಗೆ, ಗೋಡೆಯ ವೈರಿಂಗು, ಟ್ರಾನ್ಸ್‌ಫಾರ್ಮರು, ದೀಪದ ಡಿಮ್ಮರುಗಳು ಸೂಸುವ ಕಾಂತಕ್ಷೇತ್ರವನ್ನೂ ಭೇದವೆಣಿಸದೆ ಹೀರಿಕೊಳ್ಳುತ್ತದೆ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಬಾರಿ ಕಂಪಿಸುತ್ತದೆ. ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿ ಬಿ ಫ್ಲಾಟ್ 58.27ಕ್ಕೂ ಬಿ 61.74ಕ್ಕೂ ನಿಲ್ಲುವುದರಿಂದ, ಈ ಗುಂಯ್ಗಾನ ಹೆಚ್ಚುಕಡಿಮೆ ಅವೆರಡರ ನಟ್ಟನಡುವೆ ಬಂದು, ಯಾವ ಹಾಡಿನ ಶ್ರುತಿಗೂ ಹೊಂದದಂತೆ ಕುಳಿತಿದೆ. ಈ ಮನೆಯಲ್ಲಿ ಒಮ್ಮೆಯೂ ನಡುಗದ ಕಂಠ ಅದೊಂದೇ. ಮಾಮೂಲಿ ಗಿಟಾರಿನವನು ಇದು ತಗ್ಗುವವರೆಗೆ ಕುರ್ಚಿಯ ಮೇಲೆ ಅತ್ತಿತ್ತ ತಿರುಗಿ ಕೂರಬಹುದು. ನೆಲಕ್ಕೆ ಕಾಲೂರಿ ನಿಂತ ಸ್ಟೀಲಿಗೆ ಆ ಸೌಲಭ್ಯವಿಲ್ಲವಾದ್ದರಿಂದ ಮೇಜು, ಪರದೆ, ದೀಪಗಳನ್ನೇ ಅದರ ಸುತ್ತ ತಿರುಗಿಸಬೇಕಾಗುತ್ತದೆ. ಇನ್ನೂ ದೊಡ್ಡ ಅನ್ಯಾಯವೆಂದರೆ, ಸ್ವರ ಸಾಯುವ ಹೊತ್ತಿಗೆ ಪಾದ ಪೂರ್ತಿ ಇಳಿದಿರುವುದರಿಂದ ಗುಂಯ್ಗಾನ ಅತ್ಯಂತ ಜೋರಾಗಿ ಕೇಳುವುದು ಆ ಭಾವಪೂರ್ಣ ಕ್ಷಣದಲ್ಲೇ. ಅದನ್ನು ಅಡಗಿಸಲೆಂದು ನಾಯ್ಸ್ ಗೇಟ್, ಎಂದರೆ ಗೊತ್ತುಪಡಿಸಿದ ಮಟ್ಟಕ್ಕಿಂತ ಮೆಲುವಾದುದೆಲ್ಲವನ್ನೂ ಮುಚ್ಚಿಬಿಡುವ ಬಾಗಿಲು, ಹಾಕಿದರೆ ಸ್ವರದ ಬಾಲವೂ ಅದರಡಿಯಲ್ಲಿ ಸಿಕ್ಕಿ ತುಂಡಾಗುತ್ತದೆ.

ಪ್ರಶ್ನೆ: ಹಳೆಯ ಸ್ಟುಡಿಯೊ ವ್ಯವಸ್ಥೆಗೂ ಈ ಕೋಣೆಗೂ ತಾವು ಕಂಡ ಮುಖ್ಯ ವ್ಯತ್ಯಾಸವೇನು?

ಉತ್ತರ: ಅಲ್ಲಿ ಮುಗಿಯಬೇಕಾಗಿತ್ತು. ನ್ಯಾಶ್ವಿಲ್‌ನಲ್ಲಿ ಒಂದು ಸೆಷನ್ ಎಂದರೆ ಮೂರು ಗಂಟೆ. ಅಷ್ಟರೊಳಗೆ ಹಲವು ಹಾಡುಗಳು ಆಗಬೇಕಾಗಿದ್ದುದರಿಂದ ಆಂಪ್ಲಿಫೈಯರಿನ 15 ಅಂಗುಲದ ಸ್ಪೀಕರಿನ ಮುಂದೆ ಒಂದು ಮೈಕು ಇಟ್ಟು, ಕೇಳಿ, ಒಪ್ಪಿ, ನುಡಿಸಿ ಹೊರಡುತ್ತಿದ್ದರು. ಇಲ್ಲಿಯಾದರೋ ಶ್ಯೂರ್ ಎಸ್ಎಂ57 ಎಂಬ ಅಗ್ಗದ ಗಟ್ಟಿಮುಟ್ಟಾದ ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿಗೆ ಎರಡು ಬೆರಳು ಸರಿಸಿದರೆ ಕರ್ಕಶತೆ ತಗ್ಗಿ ನಾದ ಮೆತ್ತಗಾಗುತ್ತದೆಂಬುದನ್ನು ಕಂಡುಕೊಳ್ಳಲು ಹಿಡಿಯುವ ಅರ್ಧ ಗಂಟೆಯನ್ನು ಉಳಿಸುವ ಸಲುವಾಗಿ ವಾರಗಟ್ಟಲೆ ಓದುತ್ತಾರೆ. ಓದಿದ ಮೇಲೆ ಮೈಕನ್ನೇ ಬಿಟ್ಟು ಡಿಐ ಪೆಟ್ಟಿಗೆಗೆ, ಅಂದರೆ ಪಿಕಪ್ಪಿನ ದುರ್ಬಲ ಸಂಕೇತವನ್ನು ಉದ್ದದ ಕೇಬಲಿನಲ್ಲಿ ಹಾಳಾಗದೆ ಸಾಗುವಂತೆ ಮಾಡುವ ಸಾಧನಕ್ಕೆ, ಶರಣಾಗುತ್ತಾರೆ. ಹಾಗೆ ಒಣದಾಗಿ ಮುದ್ರಿಸಿದ ನಾದಕ್ಕೆ ಆಮೇಲೆ ಇಂಪಲ್ಸ್ ರೆಸ್ಪಾನ್ಸ್ ಎಂಬ ಕಡತದಿಂದ, ಎಂದರೆ ಎಲ್ಲೋ ಯಾರೋ ಅಳೆದಿಟ್ಟ ಸ್ಪೀಕರಿನ ಗುಣಲಕ್ಷಣದ ಅಚ್ಚಿನಿಂದ, ಸ್ಪೀಕರನ್ನು ತೊಡಿಸಬಹುದು. ಅದೂ ಹಿಡಿಸದಿದ್ದರೆ ಒಣ ನಾದವನ್ನು ನಿಜವಾದ ಆಂಪ್ಲಿಫೈಯರಿಗೆ ಮರಳಿ ಕಳಿಸಿ ಹೊಸದಾಗಿ ಮುದ್ರಿಸಬಹುದು, ಇದಕ್ಕೆ ರೀಆಂಪಿಂಗ್ ಎನ್ನುತ್ತಾರೆ. ನೆರೆಮನೆಯವರ ನಿದ್ದೆಯ ದೃಷ್ಟಿಯಿಂದ ಇವೆಲ್ಲ ಶ್ಲಾಘನೀಯ ಆವಿಷ್ಕಾರಗಳೇ. ಆದರೆ ಈ ಕೋಣೆಯಲ್ಲಿರುವ ಪ್ರತಿಯೊಂದು ಉಪಕರಣವೂ ಒಂದಲ್ಲ ಒಂದು ನಿರ್ಧಾರವನ್ನು ನಾಳೆಗೆ ಮುಂದೂಡಲೆಂದೇ ಬಂದಿದೆ, ಮತ್ತು ಆ ನಾಳೆ ಬಂದಾಗ ಅದಕ್ಕೂ ಒಂದು ಉಪಕರಣ ಸಿದ್ಧವಾಗಿರುತ್ತದೆ.

ಪ್ರಶ್ನೆ: ಕಂಪ್ಯೂಟರಿನಿಂದಾಗುವ ವಿಳಂಬದ ಕುರಿತು ವಾದಕರು ದೂರುವುದುಂಟು.

ಉತ್ತರ: ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಕಂಪ್ಯೂಟರು ನಾದದ ಅಳತೆಗಳನ್ನು ಒಂದು ಕಂತು ಕೂಡಿಸಿಕೊಂಡ ಮೇಲೆ ಮುಂದಕ್ಕೆ ಬಿಡುತ್ತದೆ. ಸೆಕೆಂಡಿಗೆ 48,000 ಅಳತೆ ತೆಗೆಯುವಾಗ ಕಂತಿಗೆ 256 ಎಂದಿಟ್ಟರೆ 5.3 ಮಿಲಿಸೆಕೆಂಡು ಒಳಬರಲು, ಅಷ್ಟೇ ಹೊರಹೋಗಲು ಬೇಕು. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಒಟ್ಟು ಮೂರೂವರೆ ಮೀಟರಿನಷ್ಟು ಸಾಗುತ್ತದೆ, ಅಂದರೆ ವೇದಿಕೆಯ ಮೇಲೆ ತನ್ನದೇ ಆಂಪ್ಲಿಫೈಯರಿನಿಂದ ಅಷ್ಟು ದೂರ ಕುಳಿತು ಚಕಾರವೆತ್ತದೆ ನುಡಿಸುತ್ತಿದ್ದ ಮನುಷ್ಯನೇ ಇಲ್ಲಿ ತಾಳ ತಪ್ಪಿದಾಗೆಲ್ಲ ಕಂಪ್ಯೂಟರಿನತ್ತ ಬೆರಳು ತೋರಿಸುತ್ತಾನೆ. ಕುಣಿಯಲಾರದವರು ನೆಲ ಡೊಂಕೆಂದ ಗಾದೆಯನ್ನು ನೆಲದ ಮೇಲೆಯೇ ಇರುವ ಈ ಪೆಡಲಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪ್ರಶ್ನೆ: ಅಪಸ್ವರವನ್ನು ತಿದ್ದುವ ತಂತ್ರಾಂಶಗಳಿವೆಯಲ್ಲ, ಅವುಗಳಿಂದ ಉಪಕಾರವಾಗಿಲ್ಲವೇ?

ಉತ್ತರ: ಈ ವಾದ್ಯದಲ್ಲಿ ಬೆರಳನ್ನು ತಡೆಯುವ ಮೆಟ್ಟಿಲುಗಳಿಲ್ಲ, ಗೆರೆಗಳಷ್ಟೇ ಇವೆ, ಉಕ್ಕಿನ ಬಾರ್ ಎಲ್ಲಿ ನಿಲ್ಲಬೇಕೆಂಬುದನ್ನು ಕಿವಿ ಹೇಳಬೇಕು. ಅನೇಕ ವಾದಕರು ಗಾಂಧಾರದ ತಂತಿಯನ್ನು ಪಿಯಾನೋದ ಗಾಂಧಾರಕ್ಕಿಂತ ಹದಿನಾಲ್ಕು ಸೆಂಟ್‌ವರೆಗೂ ಇಳಿಸಿ ಶ್ರುತಿ ಮಾಡುತ್ತಾರೆ. ಸೆಂಟ್ ಎಂದರೆ ಪಿಯಾನೋದ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ನೂರನೆಯ ಒಂದು ಭಾಗ. ತಂಬೂರಿಯ ಝೇಂಕಾರದಲ್ಲಿ ತಾನಾಗಿ ಹೊಮ್ಮುವ ಗಾಂಧಾರವೂ, ಹಾರ್ಮೋನಿಯಂ ಕುರಿತು ಭಾರತೀಯ ಗಾಯಕರು ಎತ್ತಿದ ಆಕ್ಷೇಪವೂ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತ್ರಾಂಶಕ್ಕೆ ಮಾತ್ರ ಗೊತ್ತಿರುವುದು ಪಿಯಾನೋ ಒಂದೇ. ಜಾರುವಿಕೆಯನ್ನೂ ಮಿಡಿತವನ್ನೂ ಅಪರಾಧವೆಂದು ಬಗೆದು ಅದು ಎಲ್ಲವನ್ನೂ ಸಾಲಾಗಿ ನಿಲ್ಲಿಸಿದ ಮೇಲೆ ಉಳಿಯುವುದನ್ನು ನುಡಿಸಲು ಸ್ಟೀಲ್ ಗಿಟಾರೇ ಬೇಕೆಂದಿಲ್ಲ.

ಪ್ರಶ್ನೆ: ಇಲ್ಲಿ ಮುದ್ರಿತವಾದುದು ಎಲ್ಲಿಗೆ ಹೋಗುತ್ತದೆ?

ಉತ್ತರ: ಎಲ್ಲಿಗೋ. 1970ರಲ್ಲಿ ಜಾರ್ಜ್ ಹ್ಯಾರಿಸನ್ ಅವರ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಆಲ್ಬಮ್ಮಿಗೆ ನುಡಿಸಲು ಪೀಟ್ ಡ್ರೇಕ್ ಅವರು ನ್ಯಾಶ್ವಿಲ್‌ನಿಂದ ಲಂಡನ್ನಿಗೇ ಹೋಗಿದ್ದರು. ಈಗ ಗಾಯಕರ ಹಾಡು ಕಡತವಾಗಿ ಬಂದು, ಸ್ಟೀಲ್ ಸೇರಿಸಿಕೊಂಡು, ಅವರ ಹಾಡು ಶುರುವಾಗುವ ಬಿಂದುವಿನಿಂದಲೇ ಶುರುವಾಗುವ ಇನ್ನೊಂದು ಕಡತವಾಗಿ ಮರಳುತ್ತದೆ. ಯಾರೂ ಯಾರ ಮುಖವನ್ನೂ ನೋಡಿರುವುದಿಲ್ಲ. ಒಮ್ಮೆ ಸೆಕೆಂಡಿಗೆ 44,100 ಅಳತೆಗಳಲ್ಲಿ ಮುದ್ರಿಸಿದ್ದನ್ನು ಆಚೆಯವರು 48,000ದ ವೇಗದಲ್ಲಿ ಓಡಿಸಿದ್ದರಿಂದ ಇಡೀ ಸ್ಟೀಲು ಸುಮಾರು ನೂರೈವತ್ತು ಸೆಂಟ್‌ನಷ್ಟು ಮೇಲೇರಿ ಕೇಳಿಸಿತು. ಅದು ಬಹಳ ಆಧುನಿಕವಾಗಿದೆಯೆಂಬ ಮೆಚ್ಚುಗೆಯ ಪತ್ರ ಬಂದಿದೆ.

ಪ್ರಶ್ನೆ: ತಮ್ಮ ಭವಿಷ್ಯದ ಬಗ್ಗೆ ಆತಂಕವೇನಾದರೂ ಇದೆಯೇ?

ಉತ್ತರ: ಇದೆ. ಮೈಕು, ಸ್ಪೀಕರು, ಕೋಣೆ ಎಲ್ಲವನ್ನೂ ಆಮೇಲೆ ಬದಲಿಸಬಹುದಾದರೂ ಪಾದ ಎಲ್ಲಿ ಒತ್ತಿತು, ಎಲ್ಲಿ ತಡೆಯಿತು ಎಂಬುದು ಒಣ ಮುದ್ರಣದಲ್ಲಿಯೂ ಅಚ್ಚಾಗಿಬಿಡುತ್ತದೆ. ಈ ಮನೆಯಲ್ಲಿ ಇನ್ನೂ ಹಿಂದೆಗೆಯಲಾಗದ ನಿರ್ಧಾರ ಅದೊಂದೇ. ಹೀಗಿರುವಾಗ ಮೊನ್ನೆ ವಾದಕರು ಪೆಡಲಿಗೆ ಬರುವ ಮೊದಲೇ ಸಂಕೇತವನ್ನು ಕವಲೊಡೆಸಿ ಮುದ್ರಿಸಿಕೊಂಡು, ಏರಿಳಿತವನ್ನು ಪರದೆಯ ಮೇಲೆ ಮೌಸಿನಿಂದ ಗೆರೆ ಎಳೆದು ತಿದ್ದುವ ಯೋಚನೆಯಲ್ಲಿರುವುದಾಗಿ ಫೋನಿನಲ್ಲಿ ಹೇಳಿದ್ದು ಕೇಳಿಬಂತು. ಮೌಸು ಬಂದ ಮೇಲೆ ಬಲಗಾಲಿಗೆ ಏನು ಕೆಲಸವೆಂದು ಅವರು ಇನ್ನೂ ನಿರ್ಧರಿಸಿಲ್ಲ.

ಪ್ರಶ್ನೆ: ಈ ಉತ್ತರಗಳನ್ನು ಪ್ರಕಟಣೆಗೆ ಮುನ್ನ ಸ್ವಲ್ಪ ತಿದ್ದಬಹುದೇ?

ಉತ್ತರ: ಪದಗಳನ್ನು ಧಾರಾಳವಾಗಿ ತಿದ್ದಿಕೊಳ್ಳಬಹುದು, ಸಂದರ್ಶಕರಿಗೆ ಆ ಹಕ್ಕಿದೆ. ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದನ್ನು ಮಾತ್ರ ಮುಟ್ಟಬಾರದು. ಅದನ್ನೂ ಮುಟ್ಟಲೇಬೇಕೆಂದಿದ್ದರೆ ಬಾಗಿಲ ಬಳಿಯ ಡಿಮ್ಮರನ್ನು ಆರಿಸಿ, ಮೊದಲ ಪ್ರಶ್ನೆಯಿಂದ ಇನ್ನೊಮ್ಮೆ ಕೇಳುವುದು ಒಳ್ಳೆಯದು.